ಚಾರ್ಜರ್ ಹಗುರಾದ ಕತೆ (ಮತ್ತು ಜಾಲಹಳ್ಳಿ ಹುಡುಗ)

ಹೋದ ಸಲ ಊರಿಗೆ (ತುಬಚಿ, ಜಮಖಂಡಿ ಹತ್ರ) ಹೋದಾಗ ನನ್ನ ಲ್ಯಾಪ್‌ಟಾಪ್ ಚಾರ್ಜರ್ ಕೈಯಲ್ಲಿ ತೂಗಿ ನೋಡಿದ ಕಾಕಾ, "ಇದರಾಗ ತಾಮ್ರ ಎಲ್ಲೈತೋ ತಮ್ಮಾ?" ಅಂದರು. ಪಂಪ್‌ಸೆಟ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡುವ ಕೈ ಅದು. ಪ್ರಶ್ನೆ ನ್ಯಾಯವಾದದ್ದೇ.

ಹಳೇ ರೇಡಿಯೋ ಎಲಿಮಿನೇಟರ್‌ನ ಭಾರವೆಲ್ಲ ಟ್ರಾನ್ಸ್‌ಫಾರ್ಮರ್‌ನದ್ದು. ನಮ್ಮ ಲೈನಿನ ಕರೆಂಟು 50 ಹರ್ಟ್ಜ್. ಅಷ್ಟು ನಿಧಾನಕ್ಕೆ ಕಬ್ಬಿಣವೂ ತಾಮ್ರವೂ ಜಾಸ್ತಿ ಬೇಕು. ಅದನ್ನೇ ಡಿಸಿ ಮಾಡಿ, ಸೆಕೆಂಡಿಗೆ ಲಕ್ಷ ಸಲ ಕತ್ತರಿಸಿದರೆ ಪುಟ್ಟ ಫೆರೈಟ್ ತುಂಡು ಸಾಕು. ಕತ್ತರಿಸೋ ಸ್ವಿಚ್ಚು ಚಾರ್ಜರ್‌ನಲ್ಲಿ ಮಾಸ್‌ಫೆಟ್. ರೈಲು ಎಂಜಿನ್ನಿನಂಥ ದೊಡ್ಡ ಕೆಲಸಕ್ಕೆ ಐಜಿಬಿಟಿ.

ಈ ಐಜಿಬಿಟಿ ಕತೆಯಲ್ಲಿ ನಮ್ಮ ಜಾಲಹಳ್ಳಿ ಬರುತ್ತೆ! ಬಿ. ಜಯಂತ್ ಬಾಳಿಗಾ ಬೆಳೆದದ್ದು ಅಲ್ಲಿ. ತಂದೆ ಬಿಇಎಲ್‌ನ ಮುಖ್ಯಸ್ಥರಾಗಿದ್ದವರು. 1969ರಲ್ಲಿ ಮದ್ರಾಸ್ ಐಐಟಿ ಮುಗಿಸಿ ಅಮೆರಿಕಕ್ಕೆ ಹೋದರು. 1980ರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಇದನ್ನು ರೂಪಿಸಿದರು. ನನಗೆ ಹಿಡಿಸಿದ್ದು ಅವರ ತಯಾರಿಕೆಯ ಜಾಣತನ. ಹೊಸ ಕಾರ್ಖಾನೆ ಕೇಳಲಿಲ್ಲ, ಮಾಸ್‌ಫೆಟ್ ತಯಾರಾಗುತ್ತಿದ್ದ ಸಾಲಿನಲ್ಲೇ ಮಾಡಿಸಿದರು. ವೇಗ ಸಾಲದಾದಾಗ ಎಲೆಕ್ಟ್ರಾನ್ ಕಿರಣ ಹಾಯಿಸಿ ಸರಿಮಾಡಿದರು. ಕಂಪನಿಯವರು ಮೊದಮೊದಲು ಗುಟ್ಟಾಗಿಟ್ಟಿದ್ದರಂತೆ. ಕೊನೆಗೆ 1988ರಲ್ಲಿ ಸೆಮಿಕಂಡಕ್ಟರ್ ವ್ಯವಹಾರವನ್ನೇ ಹ್ಯಾರಿಸ್ ಕಂಪನಿಗೆ ಮಾರಿಬಿಟ್ಟರು! ಬಾಳಿಗಾರಿಗೆ ಫಿನ್‌ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಸಿಕ್ಕಿದ್ದು 2024ರಲ್ಲಿ.

ಇತ್ತ ಬೆಂಗಳೂರಲ್ಲಿ? ಜರ್ಮನಿಯ ಎಇಜಿ ಜೊತೆ ಶುರುವಾದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಮುಚ್ಚಿಹೋಯಿತು. ಮೈಸೂರು ರಸ್ತೆಯ ಬಿಎಚ್‌ಇಎಲ್‌ನಲ್ಲಿ ರೈಲು ಎಂಜಿನ್ನಿಗೆ ಐಜಿಬಿಟಿ ಕನ್ವರ್ಟರ್ ಮಾಡ್ತಾರೆ. ಆದರೆ ದೇಶದಲ್ಲಿ ಬಳಸುವ ಇಂಥ ಚಿಪ್ಪುಗಳು ಬಹುಪಾಲು ಹೊರಗಿನವೇ. ಜಾಲಹಳ್ಳಿಯಲ್ಲಿ ಬೆಳೆದವನ ಬುದ್ಧಿಯನ್ನ ಹಡಗಿನಲ್ಲಿ ತರಿಸಿಕೊಳ್ಳೋದು ನನಗಂತೂ ಚುಚ್ಚುತ್ತೆ.

ಕಾಕಾನ ತಾಮ್ರಕ್ಕೆ ಬರ್ತೀನಿ. ಕೆಲವು ಹೊಸ ಕನ್ವರ್ಟರ್‌ಗಳಲ್ಲಿ ತಂತಿ ಸುತ್ತೋದೇ ಇಲ್ಲ. ಸರ್ಕ್ಯೂಟ್ ಬೋರ್ಡಿನ ಪದರಗಳಲ್ಲೇ ತಾಮ್ರದ ಸುರುಳಿ ಮೂಡಿಸಿ, ಮೇಲಿಂದ ಫೆರೈಟ್ ಕೂರಿಸ್ತಾರೆ. ಎಲ್ಲ ಸುರುಳಿಯೂ ಒಂದೇ ಅಳತೆ. ಎಳ್ಳುಕಾಳಿನಂಥ ಬಿಡಿಭಾಗಗಳನ್ನು ಯಂತ್ರವೇ ಹೆಕ್ಕಿ ಇಡುತ್ತೆ, ಒಲೆಯೊಳಗೆ ಬೆಸುಗೆ ಆಗುತ್ತೆ. ಕೈ ತಾಗೋದು ಕಡಿಮೆ.

ಇದನ್ನೆಲ್ಲ ಹೇಳಿದೆ. ಕಾಕಾ ಕೇಳಿಸಿಕೊಂಡು, "ಹಂಗಾರ ಇದು ಸುಟ್ಟರ ಯಾರು ರಿಪೇರಿ ಮಾಡ್ತಾರ?" ಅಂದರು.

"ಯಾರೂ ಮಾಡಂಗಿಲ್ರಿ ಕಾಕಾ, ಒಗದು ಹೊಸಾದ್ ತರ್ತಾರ."

ಚಾರ್ಜರ್ ನನ್ನ ಕೈಗಿಟ್ಟು, ಅರ್ಧ ಸುತ್ತಿದ್ದ ಮೋಟಾರಿನ ಕಡೆ ತಿರುಗಿದರು.