ಬೂದಿಕೋಟೆಯ ಹೈದರನ ಹಡಗು, ನೀರ ಮೇಲೆ ಜಾರುವ ದೋಣಿ

ಸಮುದ್ರವೇ ಕಾಣದ ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ 1760ರ ದಶಕದಲ್ಲಿ ಕರಾವಳಿಯಲ್ಲಿ ನೌಕಾಪಡೆ ಕಟ್ಟಿದ. ಅದರ ಮೇಲೆ ಕುದುರೆಪಡೆಯ ಅಧಿಕಾರಿಯನ್ನು ತಂದು ಕೂರಿಸಿದ್ದು ನಾವಿಕರಿಗೆ ಹಿಡಿಸಲಿಲ್ಲ. 1768ರಲ್ಲಿ ಬೊಂಬಾಯಿಯ ಇಂಗ್ಲಿಷರು ಬಂದಾಗ ಹಲವು ಹಡಗುಗಳು ಅವರ ಕಡೆಗೇ ಹೋದವು.

ಕುದುರೆಯ ಲೆಕ್ಕ ನೀರಿನಲ್ಲಿ ನಡೆಯದು, ಬಿಡಿ. ವೇಗ ಏರಿದಂತೆ ಹಡಗು ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. 100 ಅಡಿಯ ಹಡಗಿಗೆ ಗಂಟೆಗೆ ಸುಮಾರು 25 ಕಿ.ಮೀ., 25 ಅಡಿಯ ದೋಣಿಗೆ ಅದರರ್ಧ. ಅದನ್ನು ದಾಟಬೇಕೆಂದರೆ ವಿಪರೀತ ಬಲ ಬೇಕು. ಹೈದರನ ಹಡಗಿಗೂ ಇಂಗ್ಲಿಷರ ಹಡಗಿಗೂ ಇದೇ ಕಟ್ಟು.

ಬಿಡಿಸಿಕೊಳ್ಳುವ ದಾರಿ ನಮ್ಮ ಮಾರ್ಕಂಡೇಯ ಜಲಾಶಯದ ದಡದಲ್ಲಿ ಆಡುವ ಹುಡುಗರಿಗೂ ಗೊತ್ತು. ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಮುಳುಗದೆ ಕುಪ್ಪಳಿಸುತ್ತಾ ಹೋಗುತ್ತದೆ. ದೋಣಿಯ ತಳವೂ ಚಪ್ಪಟೆಯಿದ್ದು, ಮೂತಿ ತುಸು ಮೇಲೆದ್ದು ಜೋರಾಗಿ ನುಗ್ಗಿದರೆ ನೀರನ್ನು ಕೆಳಕ್ಕೆ ಒತ್ತುತ್ತದೆ. ನೀರು ದೋಣಿಯನ್ನು ಮೇಲಕ್ಕೆತ್ತುತ್ತದೆ. ಆಮೇಲೆ ಸೀಳುವುದಿಲ್ಲ, ಜಾರುವುದಷ್ಟೇ.

1872ರಲ್ಲಿ ರಾಮಸ್ ಎಂಬ ಇಂಗ್ಲಿಷ್ ಪಾದ್ರಿ ತಳಕ್ಕೆ ಮೆಟ್ಟಿಲಿಟ್ಟ ಇಂಥ ಹಡಗನ್ನು ತಮ್ಮ ಸರ್ಕಾರದ ಮುಂದಿಟ್ಟರು. ವಿಲಿಯಂ ಫ್ರೂಡ್ ಮಾದರಿಗಳನ್ನು ನೀರಿನಲ್ಲಿ ಎಳೆಸಿ ನೋಡಿ, ಇದು ಆಗದ ಕೆಲಸ ಎಂದರು. ಪಾದ್ರಿಯ ಯೋಚನೆ ತಪ್ಪಿರಲಿಲ್ಲ. ಆಗಿನ ಉಗಿಯಂತ್ರ ಅಷ್ಟು ಭಾರ. ಹಗುರವಾದ ಪೆಟ್ರೋಲ್ ಎಂಜಿನ್ ಬಂದ ಮೇಲೆ, 1910ರ ಹೊತ್ತಿಗೆ, ಅದೇ ಮೆಟ್ಟಿಲು ತಳದ ದೋಣಿಗಳು ಪಂದ್ಯಗಳಲ್ಲಿ ಹಾರಿದವು.

ಈಗಿನ ಸ್ಪೀಡ್‌ಬೋಟಿಗೂ ಭಾರವೇ ಶತ್ರು. ಜನರನ್ನು ತುಂಬಿಸಿದರೆ ಮೂತಿ ಎತ್ತಿಕೊಂಡೇ, ಮೇಲೇಳಲಾರದೆ, ನೀರು ತಳ್ಳುತ್ತಾ ಏದುಸಿರು ಬಿಡುತ್ತದೆ.