ನೆಕ್ಕರ್ ತೀರದಲ್ಲಿ ಕೇಶಿರಾಜ

ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ನಗರದ ಹಳೆಯ ಭಾಗವನ್ನು ಒಂದು ಹಗಲಿನಲ್ಲಿ ಕಾಲ್ನಡಿಗೆಯಲ್ಲಿಯೇ ನೋಡಿ ಮುಗಿಸಬಹುದು. ಕೆಳಗೆ ನೆಕ್ಕರ್ ನದಿ, ಮೇಲೆ ಕೋಟೆ, ನಡುವೆ ಕಲ್ಲುಹಾಸಿನ ಕಡಿದಾದ ಓಣಿಗಳು. 1477ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾಲಯವೇ ಇದರ ಜೀವಾಳ. ಯುರೋಪಿನ ಪ್ರವಾಸಿಗಳು ಇಲ್ಲಿಗೆ ಬರುವುದು ಕವಿ ಹೋಲ್ಡರ್ಲಿನ್‌ನ ಗೋಪುರವನ್ನು ಕಾಣಲು. ಕನ್ನಡದ ಅಧ್ಯೇತೃವಿಗೆ ಇದೇ ದಾರಿಯಲ್ಲಿ ಬೇರೆ ಹೆಜ್ಜೆಗಳೂ ಕಾಣುತ್ತವೆ.

ಸೇತುವೆಯಿಂದ ಇಳಿದು ನದಿಯ ಅಂಚಿನಲ್ಲಿ ನಡೆದರೆ ಆ ಹಳದಿ ಗೋಪುರ ಎದುರಾಗುತ್ತದೆ. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ, 36 ವರ್ಷ, ಒಬ್ಬ ಬಡಗಿಯ ಕುಟುಂಬದ ಆರೈಕೆಯಲ್ಲಿ ಇಲ್ಲಿಯೇ ಉಳಿದನು. ಪಂಡಿತರ ಊರಿನಲ್ಲಿ ಕವಿಯನ್ನು ಸಲಹಿದವನು ಬಡಗಿ! ಪಕ್ಕದಲ್ಲಿಯೇ 15ನೆಯ ಶತಮಾನದ ವಿದ್ಯಾರ್ಥಿನಿಲಯ 'ಬುರ್ಸೆ'. ತುಸು ಮುಂದೆ 1536ರ ಪ್ರೊಟೆಸ್ಟಂಟ್ ಧರ್ಮಪಾಠಶಾಲೆ 'ಷ್ಟಿಫ್ಟ್'. ಕೆಪ್ಲರ್, ಹೆಗೆಲ್, ಷೆಲಿಂಗ್ ಓದಿದ್ದು ಇಲ್ಲಿ.

ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರವನ್ನು ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದನು. ಹೋಲ್ಡರ್ಲಿನ್ ತೀರಿಕೊಂಡ 1843ರಲ್ಲಿಯೇ ಆತ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು ಕೇವಲ ಕಾಕತಾಳೀಯ. ಪ್ರಾಚೀನ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದ ಕೆಲಸಕ್ಕಾಗಿ ಈ ವಿಶ್ವವಿದ್ಯಾಲಯ 1858ರಲ್ಲಿ ಆತನಿಗೆ ಡಾಕ್ಟರೇಟ್ ನೀಡಿತು.

ಕೋಟೆಯನ್ನು ಹತ್ತಿ ಇಳಿದು, 1435ರ ಪುರಭವನವನ್ನೂ ಅದರ ಖಗೋಳ ಗಡಿಯಾರವನ್ನೂ ನೋಡಿಕೊಂಡು ಚರ್ಚಿನ ಮುಂದಿನ ಹೋಲ್ಟ್ಸ್‌ಮಾರ್ಕ್ಟ್ ಚೌಕಕ್ಕೆ ಬಂದರೆ ಹೆಕೆನ್‌ಹೌವರ್ ಪುಸ್ತಕದಂಗಡಿಯ ಕಟ್ಟಡವಿದೆ. ಮಲಯಾಳ ನಿಘಂಟುಕಾರ ಗುಂಡರ್ಟನ ಮೊಮ್ಮಗ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಇಲ್ಲಿ ದುಡಿದನು. ಅದೇ ಅವಧಿಯಲ್ಲಿ, 1896ರಲ್ಲಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಫರ್ಡಿನೆಂಡ್ ಕಿಟ್ಟೆಲ್‌ನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಸುಮಾರು 70,000 ಪದಗಳ ಆತನ ಕನ್ನಡ–ಇಂಗ್ಲಿಷ್ ನಿಘಂಟು ಎರಡು ವರ್ಷ ಮೊದಲು, 1894ರಲ್ಲಿ, ಮಂಗಳೂರಿನಲ್ಲಿ ಅಚ್ಚಾಗಿತ್ತು.

ಮಿಷನರಿಗಳ ಕನ್ನಡ ಸೇವೆಯನ್ನು ಹೊಗಳುವ ನಮ್ಮ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಅದು ಅರ್ಧ ಸತ್ಯ. ಕಿಟ್ಟೆಲ್‌ನ ನಿಘಂಟಿನ ಪುಟಗಳಲ್ಲಿ 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನ ಸಾಕ್ಷ್ಯ ಮತ್ತೆ ಮತ್ತೆ ಬರುತ್ತದೆ. 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯನಾದ ಈತನ 'ಶಬ್ದಮಣಿದರ್ಪಣ'ವನ್ನು ಕಿಟ್ಟೆಲ್ 1872ರಲ್ಲಿ ಹಳೆಯ ಕನ್ನಡ ವ್ಯಾಖ್ಯಾನದೊಡನೆ ಸಂಪಾದಿಸಿದ್ದನು. ನಾಗವರ್ಮನ 'ಛಂದೋಂಬುಧಿ' 1875ರಲ್ಲಿ ಬಂದಿತು. ಧರ್ಮಪ್ರಸಾರಕ್ಕೆಂದು ಬಂದವನು ವ್ಯಾಕರಣ, ಛಂದಸ್ಸುಗಳಿಗೆ ಶಿಷ್ಯನಾದನು. ಹಾಗಿರುವಾಗ ಡಾಕ್ಟರೇಟಿನಲ್ಲಿ ಕೇಶಿರಾಜನ ಪಾಲೆಷ್ಟು, ಓಲೆಗರಿಗಳನ್ನು ತಲೆಮಾರುಗಳಿಂದ ಪ್ರತಿಮಾಡಿ ಕಾಯ್ದವರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಸಂಶೋಧಕರು ಕೇಳಲೇಬೇಕು. ಕಿಟ್ಟೆಲ್‌ನ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಋಣವನ್ನು ಆತ ಮುಚ್ಚಿಟ್ಟವನಲ್ಲ.

ಆತನ ಕೊನೆಯ ದೊಡ್ಡ ಕೃತಿಯಾದ ಕನ್ನಡ ವ್ಯಾಕರಣಕ್ಕೂ ಕೇಶಿರಾಜನ ಸೂತ್ರಗಳೇ ಆಧಾರ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಆ ಗ್ರಂಥ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ ಟ್ಯೂಬಿಂಗೆನ್ನಿನಲ್ಲಿ ಕಣ್ಣುಮುಚ್ಚಿದನು.