ನೀರಿಗಿಳಿದರೂ ಒದ್ದೆಯಾಗದ ಉಡುಪು: ಇನ್ನೂರು ವರ್ಷದ ಕಥೆ, ಕಡಿಮೆ ದುಡ್ಡಿನ ಆಯ್ಕೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹಿಂದೆ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಹುಡುಕುತ್ತಿದ್ದರು. ಮನುಷ್ಯ ಬಿದ್ದರೆ ಈಜು ಬಲ್ಲವರನ್ನು ಹುಡುಕುತ್ತಿದ್ದರು. ಬಾವಿಗಳು ಬತ್ತಿದವು, ಪಾತಾಳಗರಡಿ ಅಟ್ಟ ಸೇರಿತು. ಈಜುಗಾರರನ್ನು ಕರೆಯುವುದು ಮಾತ್ರ ನಿಂತಿಲ್ಲ. ಕೆರೆಯಲ್ಲಿ, ತುಂಗಭದ್ರೆಯಲ್ಲಿ, ಭದ್ರಾ ನಾಲೆಯಲ್ಲಿ ಯಾರಾದರೂ ಮುಳುಗಿದರೆ ಅಗ್ನಿಶಾಮಕದವರ ಜೊತೆ ಊರಿನ ಈಜುಗಾರರೂ ನೀರಿಗಿಳಿಯುತ್ತಾರೆ. ಅವರ ಉಡುಪು ಒಂದು ಚಡ್ಡಿ, ಹೆಚ್ಚೆಂದರೆ ಸೊಂಟಕ್ಕೊಂದು ಹಗ್ಗ.

ಮೊಬೈಲಿನಲ್ಲಿ ಡೈವಿಂಗ್ ವಿಡಿಯೊ ನೋಡಿದವರಿಗೆ ಒಂದು ಪ್ರಶ್ನೆ ಬರುವುದು ಸಹಜ: ನೀರೇ ತಾಗದ ಡ್ರೈಸೂಟ್ ಎಂಬ ಉಡುಪು ಇದೆಯಲ್ಲ, ಅದು ಕಡಿಮೆ ಬೆಲೆಗೆ ಸಿಗುತ್ತದೆಯೇ? ನಮ್ಮ ಊರಿಗೆ ಬೇಕೇ? ಉತ್ತರ ಆ ಉಡುಪಿನ ಚರಿತ್ರೆಯಲ್ಲಿದೆ. ಅದನ್ನು ತಿಳಿದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ನೀರಗಂಟಿಯ ಕಾಲ

ನಮ್ಮ ಸೀಮೆಗೆ ನೀರಿನೊಳಗಿನ ಕೆಲಸ ಹೊಸದಲ್ಲ. ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಶತಮಾನಗಳಷ್ಟು ಹಳೆಯದು. ಎರಡು ಗುಡ್ಡಗಳ ನಡುವಿನ ಕಿರಿದಾದ ಜಾಗಕ್ಕೆ ಭಾರೀ ದಪ್ಪದ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದರು. ಕೆರೆ ಎಷ್ಟೇ ದೊಡ್ಡದಿರಲಿ, ಗದ್ದೆಗೆ ನೀರು ಹೋಗುವುದು ತೂಬಿನಿಂದ. ಹಳೆಯ ಕೆರೆಗಳಲ್ಲಿ ತೂಬಿನ ಬಾಯಿಗೆ ಬಿರಡೆ ಇರುತ್ತಿತ್ತು. ಅದನ್ನು ಎತ್ತಿ ಇಳಿಸುವ ಕೆಲಸ ನೀರಗಂಟಿಯದು. ಬಿರಡೆ ಸಿಕ್ಕಿಕೊಂಡರೆ, ಹೂಳು ಕೂತರೆ, ಉಸಿರು ಕಟ್ಟಿ ಮುಳುಗಿ ಕೈಯಲ್ಲೇ ತಡವಬೇಕು.

ಆ ಕೆಲಸಕ್ಕೆ ಉಡುಪು ಬೇಕಾಗಲಿಲ್ಲ. ಕಾರಣ ಎರಡು: ಒಂದು, ನಮ್ಮ ನೀರು ಅಷ್ಟು ತಣ್ಣಗಿಲ್ಲ. ಎರಡು, ಉಸಿರು ಕಟ್ಟಿ ಇಳಿದವರು ಒಂದೆರಡು ನಿಮಿಷದಲ್ಲಿ ಮೇಲೆ ಬಂದೇ ಬರಬೇಕು. ಚಳಿ ಹಿಡಿಯುವಷ್ಟು ಹೊತ್ತು ಒಳಗಿರುವ ಮಾತೇ ಇಲ್ಲ. ಗಂಟೆಗಟ್ಟಲೆ ನೀರೊಳಗೆ ಇರುವಂತಾದ ಮೇಲೆಯೇ ಉಡುಪಿನ ಚಿಂತೆ ಶುರುವಾಯಿತು.

ರಬ್ಬರ್ ಬಟ್ಟೆ, ತಾಮ್ರದ ತಲೆ

ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಕಡಲು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅಲ್ಲಿ ಮುಳುಗಿದ ಹಡಗುಗಳಿಂದ ಫಿರಂಗಿ, ಸರಕು ಎತ್ತುವವರಿಗೆ ಮೊದಲ ಉಡುಪು ಬೇಕಾಯಿತು.

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಅಂಟಿಸಿ ನೀರು ತಡೆಯುವ ಬಟ್ಟೆಗೆ ಪೇಟೆಂಟ್ ಪಡೆದರು. ಡೀನ್ ಸಹೋದರರು ತಲೆಗೆ ಲೋಹದ ಹೆಲ್ಮೆಟ್ ಹಾಕಿ, ಮೇಲಿಂದ ಕೊಳವೆಯಲ್ಲಿ ಗಾಳಿ ತುಂಬಿಸಿಕೊಂಡು ಇಳಿದರು. ಅವರ ಹೆಲ್ಮೆಟ್ ಕೆಳಗಡೆ ತೆರೆದಿತ್ತು. ನೆಟ್ಟಗೆ ನಿಂತರೆ ಸರಿ. ಬಗ್ಗಿದರೆ ಅಥವಾ ಬಿದ್ದರೆ ನೀರು ಒಳನುಗ್ಗಿ ಪ್ರಾಣಕ್ಕೇ ಸಂಚಕಾರ.

ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಅಗಸ್ಟಸ್ ಸೀಬ್, 1830ರ ದಶಕದ ಕೊನೆಯ ಹೊತ್ತಿಗೆ ಹೆಲ್ಮೆಟ್ಟನ್ನು ರಬ್ಬರ್ ಬಟ್ಟೆಯ ಉಡುಪಿಗೆ ಬಿಗಿದು ಕೂರಿಸಿದರು. 1782ರಲ್ಲಿ ಮುಳುಗಿದ್ದ ರಾಯಲ್ ಜಾರ್ಜ್ ಹಡಗಿನ ಅವಶೇಷ ತೆಗೆಯುವ ಕೆಲಸ 1839ರಲ್ಲಿ ಶುರುವಾದಾಗ ಈ ಮುಚ್ಚಿದ ಉಡುಪೇ ಮೇಲು ಎನಿಸಿತು. ಬಟ್ಟೆ ಆಗಲೇ ಇತ್ತು, ಹೆಲ್ಮೆಟ್ಟೂ ಇತ್ತು. ಸೀಬ್ ಗೆದ್ದದ್ದು ಎರಡರ ನಡುವಿನ ಸಂದನ್ನು ಮುಚ್ಚಿ.

ಈ ಸಂದಿನ ಮಾತು ನೆನಪಿರಲಿ. ಮುಂದಿನ ಕಥೆಯೆಲ್ಲ ಅದೇ.

ಕತ್ತಲ ನೀರಲ್ಲಿ ಐದು ವರ್ಷ

ಈ ಉಡುಪಿನಿಂದ ಏನು ಸಾಧ್ಯ ಎಂಬುದಕ್ಕೆ ವಿಲಿಯಂ ವಾಕರ್ ಅವರ ಕೆಲಸ ನೋಡಬೇಕು. ಇಂಗ್ಲೆಂಡಿನ ವಿಂಚೆಸ್ಟರ್‌ನ ಹಳೆಯ ದೊಡ್ಡ ಚರ್ಚು ಜವುಗು ನೆಲದಲ್ಲಿ ಕುಸಿಯತೊಡಗಿತ್ತು. ಅಡಿಪಾಯ ಅಗೆದರೆ ನೀರು ತುಂಬಿಕೊಳ್ಳುತ್ತಿತ್ತು. 1906ರಿಂದ 1911ರವರೆಗೆ ವಾಕರ್ ದಿನಕ್ಕೆ ಸುಮಾರು ಆರು ಗಂಟೆ ಆ ಕೆಸರು ನೀರಿಗಿಳಿದು, ಕಣ್ಣು ಕಾಣದ ಕತ್ತಲಲ್ಲಿ ಕೈಯಲ್ಲೇ ತಡವಿ, ಕಾಂಕ್ರೀಟ್ ಚೀಲಗಳನ್ನು ಜೋಡಿಸಿದರು. ಉಡುಪು ಎಷ್ಟು ಭಾರವೆಂದರೆ ಊಟಕ್ಕೆ ಮೇಲೆ ಬಂದಾಗ ಹೆಲ್ಮೆಟ್ ಮಾತ್ರ ತೆಗೆಯುತ್ತಿದ್ದರು. ಆ ಕಟ್ಟಡ ಇವತ್ತೂ ನಿಂತಿದೆ.

ಕೆಸರು ನೀರು, ಏನೂ ಕಾಣದ ಕತ್ತಲು, ಕೈಯೇ ಕಣ್ಣು. ನಮ್ಮ ನಾಲೆಯಲ್ಲಿ ಶವ ಹುಡುಕುವವರ ಸ್ಥಿತಿಯೂ ಇದೇ. ಆದರೆ ವಾಕರ್ ಅವರಿಗೆ ಮೇಲಿಂದ ಗಾಳಿ ಪಂಪು ಮಾಡುವವರು, ಹಗ್ಗ ಹಿಡಿದು ಕಾಯುವವರು ಇದ್ದರು.

ಕೊಳವೆ ಹೋಯಿತು, ಜಿಪ್ ಬಂತು

1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಉಸಿರಾಡುವ ಉಪಕರಣ ಸಿದ್ಧಪಡಿಸಿದರು. ಮೇಲಿನ ಕೊಳವೆ ಬೇಡವಾಯಿತು. ಈಜಲು ಹಗುರ ಉಡುಪು ಬೇಕಾಯಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ತೆಳು ರಬ್ಬರಿನ ಉಡುಪುಗಳು ಬಂದಿದ್ದವು. ಅಂಗಿ, ಚಲ್ಲಣ ಬೇರೆ ಬೇರೆ ಮಾಡಿ, ಸೊಂಟದಲ್ಲಿ ಎರಡನ್ನೂ ಸೇರಿಸಿ ಸುರುಳಿ ಸುತ್ತುತ್ತಿದ್ದರು. ಸುರುಳಿ ಸಡಿಲವಾದರೆ ನೀರು ಒಳಗೆ. ಆಳಕ್ಕೆ ಹೋದಂತೆ ಒಳಗಿನ ಗಾಳಿ ಕುಗ್ಗಿ, ರಬ್ಬರು ಮೈಗೆ ಕಚ್ಚಿ ಬಾಸುಂಡೆ ಬರುತ್ತಿತ್ತು.

1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಬೇರೆ ದಾರಿ ಹಿಡಿದರು. ಮೈ ಒದ್ದೆಯಾದರೂ ಪರವಾಗಿಲ್ಲ, ಬಟ್ಟೆಯಲ್ಲಿ ಗಾಳಿಯ ಗುಳ್ಳೆಗಳಿದ್ದರೆ ಶಾಖ ಉಳಿಯುತ್ತದೆ ಎಂದರು. ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಫೋಮಿನಿಂದ ವೆಟ್‌ಸೂಟ್ ಹುಟ್ಟಿತು. ಅವರು ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಹಲವು ಕಂಪನಿಗಳು ತಯಾರಿಸಿದವು, ಬೆಲೆ ಇಳಿಯಿತು. ಇವತ್ತು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವವರಿಗೆ ಕೊಡುವುದು ಇಂಥದ್ದೇ ತೆಳು ವೆಟ್‌ಸೂಟ್.

1960ರ ದಶಕದಲ್ಲಿ ಸ್ವೀಡನ್ನಿನ ಪೊಸೈಡನ್ ಕಂಪನಿಯ ಯೂನಿಸೂಟ್ ಬಂತು. ಅದರಲ್ಲಿ ನೀರು ಬಿಡದ ಜಿಪ್ ಇತ್ತು. ಉಡುಪಿನೊಳಗೆ ಗಾಳಿ ತುಂಬಿಸಲು, ಹೊರಬಿಡಲು ವಾಲ್ವ್ ಇತ್ತು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಕುಗ್ಗಿದಷ್ಟು ಗಾಳಿಯನ್ನು ಸಿಲಿಂಡರಿನಿಂದಲೇ ತುಂಬಿಸಿಕೊಳ್ಳುವುದು ಈಗ ಸುಲಭವಾಯಿತು. ಇಂದಿನ ಡ್ರೈಸೂಟ್ ಇದರದೇ ಸಂತತಿ.

ಗೊರಬೆ ಮತ್ತು ಕಂಬಳಿ

ಬಹಳ ಜನ ತಪ್ಪು ತಿಳಿಯುವುದು ಇಲ್ಲಿ. ತೆಳು ಬಟ್ಟೆಯ ಡ್ರೈಸೂಟ್ ಮೈ ಬೆಚ್ಚಗಿಡುವುದಿಲ್ಲ, ನೀರು ತಡೆಯುತ್ತದೆ ಅಷ್ಟೆ. ಮಲೆನಾಡಿನ ಗೊರಬೆಯ ಕೆಲಸ ಅದು. ಬೆಚ್ಚಗಿಡುವುದು ಒಳಗೆ ಹಾಕುವ ದಪ್ಪ ಉಡುಪಿನಲ್ಲಿ ನಿಲ್ಲುವ ಗಾಳಿ. ಅದು ಕುರಿಗಾಹಿಯ ಕಂಬಳಿಯ ಕೆಲಸ. ಗೊರಬೆಗೆ ಪೂರ್ತಿ ದುಡ್ಡು ಸುರಿದು ಕಂಬಳಿ ಮರೆತರೆ ನಡುಗುವುದು ತಪ್ಪದು.

ದುಡ್ಡು ಎಲ್ಲಿ ಹಾಕಬೇಕು

ಹೊಸ ಡ್ರೈಸೂಟ್ ಬೆಲೆ ಸಾಮಾನ್ಯವಾಗಿ ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಶುರುವಾಗಿ ಹಲವು ಲಕ್ಷಕ್ಕೆ ಏರುತ್ತದೆ. ಕೆಲಸಕ್ಕೋ ಓದಿಗೋ ತಣ್ಣನೆಯ ದೇಶಕ್ಕೆ ಹೋಗಿ ಡೈವಿಂಗ್ ಕಲಿಯುವ ನಮ್ಮ ಮಕ್ಕಳಿಗೆ ಇದು ಬೇಕಾಗಬಹುದು. ಅವರಿಗೆ ಚರಿತ್ರೆ ಹೇಳುವುದು ಒಂದೇ ಮಾತು: ಬಟ್ಟೆಯಲ್ಲಿ ಉಳಿಸಿ, ಸಂದಿನಲ್ಲಿ ಉಳಿಸಬೇಡಿ.

ಜಿಪ್: ರಿಪೇರಿಯಲ್ಲಿ ಹೆಚ್ಚು ದುಡ್ಡು ತಿನ್ನುವುದು ಇದೇ. ಹಳೆಯ ಸೂಟ್ ಕೊಳ್ಳುವಾಗ ಮೊದಲು ಜಿಪ್ ನೋಡಿ. ಹಲ್ಲು ಬಾಗಿದ್ದರೆ, ಅಂಚು ಬಿರುಕು ಬಿಟ್ಟಿದ್ದರೆ ಬೇಡ.

ಕುತ್ತಿಗೆ, ಮಣಿಕಟ್ಟಿನ ಪಟ್ಟಿ: ಲ್ಯಾಟೆಕ್ಸ್ ಅಗ್ಗ, ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಸಿಗುವಂಥ ಮರದ ರಬ್ಬರು. ಬಿಸಿಲು, ಎಣ್ಣೆ ತಾಗಿದರೆ ಹಾಳಾಗುತ್ತದೆ, ಆಗಾಗ ಬದಲಿಸಬೇಕು. ನಿಯೋಪ್ರೀನ್ ಪಟ್ಟಿ ಹೆಚ್ಚು ಬಾಳುತ್ತದೆ.

ಬಟ್ಟೆ: ಮೂರು ಪದರದ ತೆಳು ಬಟ್ಟೆ ಹಗುರ, ಬೇಗ ಒಣಗುತ್ತದೆ, ತೇಪೆ ಹಾಕುವುದು ಸುಲಭ. ಬಣ್ಣ, ಜೇಬು, ಹೆಸರಿಗೆ ಹೆಚ್ಚು ಕೊಡಬೇಕಿಲ್ಲ.

ಅಳತೆ: ಒಳಗಿನ ಉಡುಪು ಹಾಕಿಕೊಂಡೇ ತೊಟ್ಟು ನೋಡಬೇಕು. ಕೂರಲು, ಕೈ ತಲೆಯ ಹಿಂದಕ್ಕೆ ಒಯ್ಯಲು ಆಗಬೇಕು.

ಸೋರಿಕೆ ಪರೀಕ್ಷೆ ಪಂಕ್ಚರ್ ಅಂಗಡಿಯ ವಿದ್ಯೆಯೇ. ಕುತ್ತಿಗೆ, ಕೈ ಮುಚ್ಚಿ ಗಾಳಿ ತುಂಬಿ, ಸೋಪಿನ ನೀರು ಸವರಿ. ಗುಳ್ಳೆ ಎದ್ದ ಕಡೆ ತೂತು.

ನಮ್ಮ ಕೆರೆಗೆ ಬೇಕೇ?

ಸಾಮಾನ್ಯವಾಗಿ ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಡ್ರೈಸೂಟ್ ಮಾತು. ನಮ್ಮ ಕೆರೆ, ಹೊಳೆಗಳ ನೀರು ಬಹುಪಾಲು 20 ಡಿಗ್ರಿಗಿಂತ ಬೆಚ್ಚಗೇ ಇರುತ್ತದೆ. ಗಂಟೆಗಟ್ಟಲೆ ಹುಡುಕಿದರೆ ಆ ನೀರಲ್ಲೂ ಮೈ ತಣ್ಣಗಾಗುತ್ತದೆ. ಅದಕ್ಕೆ ವೆಟ್‌ಸೂಟ್ ಸಾಕು, ಬೆಲೆಯೂ ಬಹಳ ಕಡಿಮೆ. ನೆರೆಯ ಹೊಲಸು ನೀರು, ಚರಂಡಿ ಸೇರಿದ ನೀರಲ್ಲಿ ಮೈಗೆ ನೀರು ತಾಗದಿರುವುದು ಮುಖ್ಯ. ಅಂಥ ಕಡೆ ಡ್ರೈಸೂಟಿಗೆ ನಿಜವಾದ ಕೆಲಸವಿದೆ. ಆದರೆ ಅದು ತರಬೇತಾದ ತಂಡದ ಬಳಿ ಇರಬೇಕಾದ ವಸ್ತು. ಕಲಿಯದವರು ತೊಟ್ಟರೆ ಗಾಳಿ ಕಾಲಿನ ಕಡೆ ಸೇರಿ ತಲೆಕೆಳಗಾಗುವ, ತಡೆಯಿಲ್ಲದೆ ಮೇಲಕ್ಕೆ ಚಿಮ್ಮುವ ಅಪಾಯವಿದೆ.

ಊರಿನ ಯುವಕ ಸಂಘದ ಬಳಿ ನಾಲ್ಕು ಕಾಸು ಇದ್ದರೆ ನಾವು ಹೇಳುವ ಸಾಲು ಹೀಗೆ: ಮೊದಲು ಗಟ್ಟಿ ಹಗ್ಗ ಮತ್ತು ಲೈಫ್ ಜಾಕೆಟ್. ಆಮೇಲೆ ದಡದಲ್ಲಿ ಹಗ್ಗ ಹಿಡಿದು ಕಾಯುವವರಿಗೆ ತರಬೇತಿ. ಆಮೇಲೆ ಒಂದೆರಡು ವೆಟ್‌ಸೂಟ್. ಡ್ರೈಸೂಟನ್ನು ಜಿಲ್ಲಾ ಮಟ್ಟದ ರಕ್ಷಣಾ ತಂಡಕ್ಕೆ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಗ್ರಾಮಸಭೆಯಲ್ಲಿ ಕೇಳಿ, ಬರಹದಲ್ಲಿ ಕೊಡಿ.

ಯಾರಾದರೂ ಮುಳುಗಿದ ಸುದ್ದಿ ಬಂದರೆ ಮೊದಲು 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ. ಊರಿನ ಈಜುಗಾರರು ಇಳಿಯಲೇಬೇಕಾಗಿ ಬಂದರೆ ಹಗ್ಗದ ಇನ್ನೊಂದು ತುದಿ ದಡದಲ್ಲಿ ಒಬ್ಬರ ಕೈಯಲ್ಲಿರಲಿ. ವಿಂಚೆಸ್ಟರ್‌ನಲ್ಲಿ ವಾಕರ್ ಅವರಿಗೆ ಇದ್ದಂತೆ.